ಬೂರುಲ್ಚಾ ಅತ್ತೆಯ ಮೂಗು ಉಳಿದದ್ದು

ಬೇಸಿಗೆ ಬಂತೆಂದರೆ ನಾವು ಕುದುರೆಗಳನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಏರುತ್ತೇವೆ. ಅಲ್ಲಿಯ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಯದವರೇ ಇಲ್ಲ. ಹಾಗಾಗಿ ನಮ್ಮತ್ತೆ ಬೂರುಲ್ಚಾ ಅವರ ಮೂಗಿನ ತುದಿಯ ಹುಣ್ಣನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕುರಿಬಾಲದ ಕೊಬ್ಬು ಸವರಿದರೆ ಒಣಗುತ್ತಿತ್ತು, ಹಕ್ಕಳೆ ಉದುರಿದರೆ ಮತ್ತೆ ರಕ್ತ.

ನಾನೇ ಹಟ ಹಿಡಿದು ಪಟ್ಟಣಕ್ಕೆ ಕರೆದೊಯ್ದೆ. ಚೂರು ಚರ್ಮ ತೆಗೆದು ಪರೀಕ್ಷಿಸಿದ ಡಾಕ್ಟರು, ಇದು ಚರ್ಮದ ಕ್ಯಾನ್ಸರ್, ಕೆಟ್ಟ ಭಾಗ ಕತ್ತರಿಸಿ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಡುತ್ತೇವೆ ಎಂದರು. ಅತ್ತೆ ಅಲ್ಲಿಂದ ಎದ್ದು ಬಂದುಬಿಟ್ಟರು.

"ನೆಗಡಿ ಬಂತಂತ ಯಾರಾದ್ರೂ ಮೂಗು ಕೊಯ್ಕೊಳ್ತಾರೇನೇ? ಮೂಸಿ ನೋಡದೆ ಕುಮಿಸ್ ಹೆಂಗೆ ಮಾಡ್ಲಿ?"

ಅದೂ ನಿಜವೇ. ಕುದುರೆ ಹಾಲು ಹೊಗೆ ಹಿಡಿಸಿದ ಚರ್ಮದ ಚೀಲದಲ್ಲಿ ಹದವಾಗಿ ಹುಳಿತು ಕುಮಿಸ್ ಆಯಿತೇ ಎಂದು ಅತ್ತೆ ಮೂಸಿಯೇ ಹೇಳುವವರು. ಅದನ್ನು ಕುಡಿಯಲು ದೂರದಿಂದ ಜನ ಬರುತ್ತಾರೆ. ಮೂಗು ಹೋದರೆ ಆ ಹೆಸರೂ ಹೋದೀತೆಂದು ಅವರಿಗೆ ದಿಗಿಲು.

ಪಕ್ಕದ ಗುಡಾರದ ತೊಕ್ತೊಬಾಯ್ ಅಣ್ಣನಿಗೆ ಹೋದ ಚಳಿಗಾಲ ಇದೇ ಆಪರೇಷನ್ ಆಗಿತ್ತು. ಅವನ ಹೆಂಡತಿ ನನಗೊಬ್ಬಳಿಗೇ ಹೇಳಿದ್ದಳು. ಅವನನ್ನು ನಮ್ಮ ಗುಡಾರಕ್ಕೆ ಕರೆದೆ. ಅತ್ತೆ ಕೊಟ್ಟ ಕುಮಿಸ್ ಬಟ್ಟಲನ್ನು ಅವನು ಬಾಯಿಗಿಡುವ ಮೊದಲು ಮೂಸಿದ.

"ಅಕ್ಕ, ಈ ಸಲ ಚೀಲಕ್ಕೆ ಹೊಗೆ ಸರಿಯಾಗಿ ಹಾಕಿಲ್ಲ ನೀನು."

ಅತ್ತೆಯ ಮುಖ ಕೆಂಪಾಯಿತು. "ನನ್ನ ಕುಮಿಸ್‌ಗೆ ಹೆಸರಿಡೋನು ಇನ್ನೂ ಹುಟ್ಟಿಲ್ಲ. ನಿನ್ನ ಮೂಗೇ ಕೆಟ್ಟಿರ್ಬೇಕು."

"ಕೆಟ್ಟಿದ್ದಕ್ಕೇ ಕತ್ತರಿಸಿ ಹೊಸದು ಕಟ್ಟಿಸ್ಕೊಂಡಿದ್ದು." ಅವನು ಕಂಬಳಿ ಟೋಪಿ ಮೇಲೆತ್ತಿ ಹಣೆಯ ಗೆರೆ ತೋರಿಸಿದ.

ಅತ್ತೆ ಅವನ ಮೂಗು ಹಿಡಿದು ಅತ್ತಿತ್ತ ತಿರುಗಿಸಿದರು. "ಕುದುರೆ ಒದ್ದಿದ್ದು ಅಂದಿದ್ಯಲ್ಲೋ."

"ಜನ ಆಡ್ಕೋತಾರಂತ ಸುಳ್ಳು ಹೇಳ್ದೆ. ಹೊಸ ಮೂಗಿಗೆ ರಕ್ತ ಓಡ್ಲಿ ಅಂತ ಕೆಲವು ವಾರ ಹಣೆಯಿಂದ ಚರ್ಮದ ಪಟ್ಟಿ ಇಳಿಬಿಟ್ಟಿರ್ತಾರೆ. ಆಮೇಲೆ ಕತ್ತರಿಸ್ತಾರೆ. ಆ ಅವತಾರ ನೋಡಿ ಹೆಂಡ್ತಿನೂ ನಕ್ಳು. ಆದ್ರೆ ವಾಸನೆ ತಿಳಿಯೋದು ಮೂಗಿನ ಒಳಗಡೆ ಮೇಲೆ ಅಕ್ಕ, ತುದೀಲಲ್ಲ. ಹಿಂಗೇ ಬಿಟ್ರೆ ಹುಣ್ಣು ಒಳಗೂ ತಿನ್ಕೊಂಡು ಹೋಗುತ್ತೆ."

ಅತ್ತೆ ಚೀಲದ ಬಾಯಿ ಬಿಚ್ಚಿ ತಾವೂ ಮೂಸಿದರು.

"ಹೊಗೆ ಕಮ್ಮಿನೇ," ಎಂದರು. ಆಮೇಲೆ ನನ್ನತ್ತ ತಿರುಗಿ, "ನಾಳೆ ಕುದುರೆಗೆ ಜೀನು ಹಾಕೇ, ಪಟ್ಟಣಕ್ಕೆ ಹೋಗೋಣ."

ಈಗ ಅತ್ತೆ ಅಗಲ ಅಂಚಿನ ಟೋಪಿ ಹಾಕಿಕೊಂಡೇ ಹಾಲು ಕರೆಯುತ್ತಾರೆ. ಹೊಸ ಮೂಗು ತುಸು ದಪ್ಪ. ಹಳೆಯದಕ್ಕಿಂತ ಇದೇ ಲಕ್ಷಣ ಎಂದು ಅವರ ವಾದ.

ಮುಖದ ಮೇಲೆ ವಾಸಿಯಾಗದ ಹುಣ್ಣೋ, ಮತ್ತೆ ಮತ್ತೆ ರಕ್ತ ಬರುವ ಗಂಟೋ ಇದ್ದರೆ ನೀವೂ ಕೊಬ್ಬು ಸವರುತ್ತ ಕೂರಬೇಡಿ. ಬೇಗ ಹೋದಷ್ಟೂ ಕತ್ತರಿಸುವುದು ಕಡಿಮೆ. ಮನೆಯ ಹಿರಿಯರು ಒಲ್ಲೆ ಎಂದರೆ ಬೈಸಿಕೊಂಡಾದರೂ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಬೈಯುವುದಕ್ಕಾದರೂ ಅವರು ನಮ್ಮ ಜೊತೆ ಇರಬೇಕಲ್ಲ.