ಓದಿ ಹೇಳುವ ನಿಯಮ

ರೈಲು ತುನಿ ದಾಟಿದ ಮೇಲೆ ಎದುರು ಸೀಟಿನ ಹೆಂಗಸು ಕಿತ್ತಳೆ ಸುಲಿಯತೊಡಗಿದಳು, ಉಗುರು ಸಿಪ್ಪೆಯೊಳಗೆ ಇಳಿದದ್ದೇ ತಡ ಅಕ್ಷಯಾ ಮುಖವನ್ನು ಕಿಟಕಿಗೆ ತಿರುಗಿಸಿ ಮತ್ತೊಮ್ಮೆ ಮೊದಲಿನಿಂದ ಜೋಡಿಸಿಕೊಂಡಳು: ಮಂಗಳವಾರ ಬೆಳಿಗ್ಗೆ, ಮೊದಲು ಪ್ರಶ್ನೆ, ಆಮೇಲೆ ಉತ್ತರ, ಅನಂತರ ಓದಿ ಹೇಳಿದ್ದು, ಕೊನೆಗೆ ತುಟಿಯ ಮೇಲೆ ಬೆರಳು — ಹೌದು, ಕ್ರಮ ಇದೇ, ಇದೇ ಆಗಿದ್ದರೆ ತಪ್ಪು ಅವಳದಲ್ಲ, ಉತ್ತರ ಕೊಟ್ಟವರಿಗೆ ಅವರ ಉತ್ತರವನ್ನು ಸ್ಪಷ್ಟ ದನಿಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯತಕ್ಕದ್ದು ಎಂಬುದು ಉದ್ಯೋಗ ಸಮೀಕ್ಷೆಯ ನಿಯಮ, ಆ ನಿಯಮವನ್ನು ಒಮ್ಮೆಯೂ ಬಿಡದವಳೆಂದೇ ತಾನೆ ವಿಜಯವಾಡಕ್ಕೆ ಕರೆಸಿರುವುದು, ಹೊಸದಾಗಿ ಸೇರಿದವರ ಮುಂದೆ ಅದನ್ನು ಮಾಡಿ ತೋರಿಸಲು, ನಿಮ್ಮಪ್ಪ ಓಣಿ ತುಂಬ ಹೇಳ್ಕೊಂಡು ಬಂದಾರ, ನಮ್ಮ ಹುಡುಗಿ ಪಾಠ ಹೇಳಾಕ ಹೊಂಟಾಳಂತ, ಅವ್ವ ಫೋನಿನಲ್ಲಿ ನಕ್ಕಿದ್ದಳು, ಡಬ್ಬಿ ತಗದೇನವಾ, ಚಪಾತಿ ಒಣಗಿ ರಟ್ಟಾಗ್ತಾವ — ಹುಬ್ಬಳ್ಳಿಯಿಂದ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದು ಇಷ್ಟು ವರ್ಷವಾದರೂ ಅವ್ವನ ಮಾತು ಅಲ್ಲಿಯದೇ, ಡಬ್ಬಿ ತೆಗೆಯಲು ಕೈ ಬರುತ್ತಿಲ್ಲ, ಬೋಗಿಯಲ್ಲೆಲ್ಲ ಕಿತ್ತಳೆಯ ವಾಸನೆ, ಅದರಡಿಯಲ್ಲಿ ಎಲ್ಲಿಂದಲೋ ಸಿಗಡಿಯ ವಾಸನೆ.

ವಿಶಾಖಪಟ್ಟಣದ ಬಂದರಿನ ಹಿಂದಿನ ಶೆಡ್ಡು, ಉದ್ದದ ಮೇಜಿನ ಮೇಲೆ ಮಂಜುಗಡ್ಡೆ, ಮಂಜಿನೊಳಗೆ ಸಿಗಡಿ, ಎರಡೂ ಬದಿ ನಿಂತು ಸುಲಿಯುವ ಹೆಂಗಸರು, ಅವರಲ್ಲಿ ಗಂಗಾಭವಾನಿ, ಕೈಗವಸಿನ ತುದಿ ಹರಿದು ಹೊರಬಂದ ತೋರುಬೆರಳು ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿತ್ತು, ಕನಿಷ್ಠ ವೇತನ ಸಿಗುತ್ತದೆಯೇ ಎಂದು ಕೇಳಿದಾಗ ಅವಳು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು, ಬ್ಯಾಂಕಿಗೆ ಪೂರ್ತಿ ಬೀಳುತ್ತಮ್ಮಾ, ಎಟಿಎಂ ಕಾರ್ಡು ಮೇಸ್ತ್ರಿ ಹತ್ತಿರ, ಅವನೇ ತೆಗೆದು ಅರ್ಧ ಕೊಡ್ತಾನೆ, ನಮ್ಮೆಲ್ಲರದೂ ಹಾಗೇ — ತಪಾಸಣೆಗೆ ಬಂದವರಿಗೆ ತೋರಿಸಲು ಬ್ಯಾಂಕಿನ ಪುರಾವೆ ಇದೆ, ಪುರಾವೆಯಲ್ಲಿ ಕಾನೂನು ಚೆನ್ನಾಗಿದೆ, ಆ ಸಣ್ಣ ದನಿ ಮೊದಲ ಬಾರಿಗೆ ನಿಜ ಹೇಳಿತ್ತು, ಅದನ್ನು ತಪ್ಪಿಲ್ಲದೆ ಹಿಡಿದೆನೆಂಬ ಹೆಮ್ಮೆಯಲ್ಲಿ ಅಕ್ಷಯಾ ಬೆನ್ನು ನೆಟ್ಟಗೆ ಮಾಡಿ, ಮಂಜು ಪುಡಿಮಾಡುವ ಯಂತ್ರದ ಸದ್ದನ್ನು ಮೀರುವಂತೆ, ತರಗತಿಯಲ್ಲಿ ಪದ್ಯ ಒಪ್ಪಿಸುವವಳಂತೆ ಓದಿದಳು, ಕಾರ್ಡು ಮೇಸ್ತ್ರಿ ಬಾಬ್ಜಿಯವರ ಬಳಿ ಇದೆ, ಅರ್ಧ ಕೂಲಿ ಮಾತ್ರ ಕೈಗೆ ಸಿಗುತ್ತದೆ, ಸರಿಯಾ ಗಂಗಾಭವಾನಿಗಾರೂ? — ಮೇಜಿನುದ್ದಕ್ಕೂ ಕೈಗಳು ನಿಂತವು, ಬಾಗಿಲಲ್ಲಿ ನಿಂತಿದ್ದ ಬಾಬ್ಜಿ ನಕ್ಕ, ಪರವಾಗಿಲ್ಲ ಮೇಡಂಗಾರೂ, ಇನ್ನೂ ಸ್ವಲ್ಪ ಗಟ್ಟಿಯಾಗಿ ಓದಿ, ಹಡಗಿನವರಿಗೂ ಕೇಳಲಿ. ಮರುದಿನ ಹೋದಾಗ ಆ ಜಾಗದಲ್ಲಿ ಬೇರೊಬ್ಬಳು ಸುಲಿಯುತ್ತಿದ್ದಳು, ಆಕೆ ಇನ್ನು ಬರುವುದಿಲ್ಲ ಮೇಡಂಗಾರೂ, ಆರೋಗ್ಯ ಸರಿಯಿಲ್ಲವಂತೆ, ಪಕ್ಕದ ಯಾವ ಶೆಡ್ಡಿನಲ್ಲೂ ಆಕೆಗೆ ಸರಿಹೋಗಲಿಕ್ಕಿಲ್ಲ, ಎಂದ ಬಾಬ್ಜಿ, ಉಳಿದ ಹೆಂಗಸರು ತಲೆಯೆತ್ತಲಿಲ್ಲ, ಅಕ್ಷಯಾ ಕೇಳಿದ್ದಕ್ಕೆಲ್ಲ ಪೂರ್ತಿ ಸಿಗುತ್ತಮ್ಮಾ, ಪೂರ್ತಿ ಸಿಗುತ್ತದೆ ಎಂದರು, ಅವಳು ಅದನ್ನೂ ಓದಿ ಹೇಳಿದಳು.

ನೀನು ನಿಯಮ ಪಾಲಿಸಿದ್ದೀಯ, ಪಾಪವೆಲ್ಲ ಮೇಸ್ತ್ರೀದು, ಎಂದಿದ್ದ ಜೊತೆಗಾರ ಕಿರಣ್, ಒಂದು ಉತ್ತರಕ್ಕೆ ದೇಶದ ಉದ್ಯೋಗದ ಗ್ರಾಫಿನ ರೇಖೆ ಅಲುಗಾಡುತ್ತಾ, ನೀನು ಕನಸಲ್ಲೂ ಓದಿ ಹೇಳ್ತೀಯೇನೋ ಮಾರಾಯ್ತಿ — ರೇಖೆ ಅಲುಗಾಡಲಿಲ್ಲ ನಿಜ, ಉದ್ಯೋಗದಲ್ಲಿರುವ ಮಹಿಳೆಯರ ಪ್ರಮಾಣ ಏರುತ್ತಲೇ ಇದೆ, ಗಂಗಾಭವಾನಿಯ ಜಾಗದಲ್ಲಿ ನಿಂತವಳೂ ಉದ್ಯೋಗಸ್ಥೆಯೇ, ಈಗ ಗೋದಾವರಿಯ ಸೇತುವೆ, ಕಂಬಗಳು ಒಂದೊಂದೇ ಕಿಟಕಿಗೆ ಬಡಿದಂತೆ ಹಾಯುತ್ತಿವೆ, ಪ್ರಶ್ನೆ, ಉತ್ತರ, ಓದಿದ್ದು, ಬೆರಳು, ಪ್ರಶ್ನೆ, ಉತ್ತರ — ತಗೋಮ್ಮಾ, ಎದುರಿನ ಹೆಂಗಸು ಕಿತ್ತಳೆಯ ತೊಳೆ ಚಾಚಿದಳು, ರಸದಲ್ಲಿ ನೆನೆದ ಬೆರಳು, ಅಕ್ಷಯಾ ಕೈ ಚಾಚದೆ ಕಿಟಕಿಯ ಕಡೆ ಸರಿದಳು, ಯಾಕೆಂದರೆ ಓದುವ ಮೊದಲು ತಾನು ಒಮ್ಮೆ ತಲೆಯೆತ್ತಿದ್ದಳಲ್ಲ, ಎತ್ತಿದಾಗ ಕಂಡದ್ದು ಮುಖವಲ್ಲ, ಹರಿದ ಕೈಗವಸಿನಿಂದ ಹೊರಬಂದ, ಬಿಳಿಚಿದ, ನೀರು ತೊಟ್ಟಿಕ್ಕುವ ಆ ಬೆರಳು, ಆಗಲೇ ಗಂಗಾಭವಾನಿಯ ತುಟಿಯ ಮೇಲೆ, ಕಂಡಿತ್ತು, ಅರ್ಥವೂ ಆಗಿತ್ತು, ಓದಿ ಹೇಳುವುದೊಂದು ಬಾಕಿ ಉಳಿಯಿತಲ್ಲ ಎಂದಷ್ಟೇ ಅನ್ನಿಸಿತ್ತು —

ಕ್ರಮ ತಪ್ಪಾಗಿತ್ತು. ಮೊದಲು ಪ್ರಶ್ನೆ, ಆಮೇಲೆ ಉತ್ತರ, ಅನಂತರ ತುಟಿಯ ಮೇಲೆ ಬೆರಳು. ಓದಿ ಹೇಳಿದ್ದು ಕೊನೆಗೆ.