ಅಮಾವಾಸ್ಯೆಗೆ ಭಟ್ಟಿ ಆರಿಸಿದ್ದು

ಭತ್ತದ ಸುಗ್ಗಿ ಮುಗಿದು ಮಾನ್ವಿಯ ಮಿಲ್ಲುಗಳ ಮುಂದೆ ಲಾರಿಗಳು ಸಾಲುಗಟ್ಟಿದ್ದ ಕಾಲ. ಎಳ್ಳಮಾವಾಸ್ಯೆಯ ದಿನ, ಹೊತ್ತು ಮೂಡಿ ಮಾರುದ್ದ ಏರಿತ್ತು. ಪಂಪಾಪತಿ ಸಾವ್ಕಾರರ ರೈಸ್ ಮಿಲ್ಲಿನ ಹಿಂದೆ ಹುಸೇನಪ್ಪ ಭಟ್ಟಿಗೆ ಹೊಟ್ಟು ಹಾಕುವುದನ್ನು ನಿಲ್ಲಿಸಿದ. ಬೆಂಕಿ ಇಳಿಯಿತು. ಬೂದಿ ಎಳೆದು, ಭಟ್ಟಿಯ ಬಾಗಿಲು ತೊಳೆದು, ತನ್ನೂರು ಗೂಗಲ್ಲಿನ ಅಲ್ಲಮಪ್ರಭುವಿನ ಗುಡಿಯಿಂದ ತಂದ ವಿಭೂತಿ ಹಚ್ಚಿ ಕಾಯಿ ಒಡೆದ. ಅಮಾವಾಸ್ಯೆಗೊಮ್ಮೆ ಭಟ್ಟಿಗೆ ಅರ್ಧ ದಿನ ಬಿಡುವು, ಎತ್ತಿಗೆ ನೊಗ ಹಾಕದೆ ಬಿಟ್ಟಂತೆ. ಸಾವ್ಕಾರರ ಅಪ್ಪನ ಕಾಲದಿಂದ ನಡೆದುಬಂದದ್ದು. ಅದನ್ನು ಯಾರಿಗೂ ಹೇಳಿ ಮಾಡುವ ರೂಢಿ ಇರಲಿಲ್ಲ.

ಆಗ ಭಟ್ಟಿ ಇದ್ದದ್ದು ಭತ್ತ ಕುದಿಸಲಿಕ್ಕಷ್ಟೇ. ಈಗ ಅದೇ ಹೊಟ್ಟಿನಿಂದ ಕರೆಂಟು ತೆಗೆದು, ಮಿಲ್ಲಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಕರೆಂಟಿನ ಸಗಟು ಬಜಾರಿಗೆ ಮಾರುತ್ತಿದ್ದರು. ಮಾರಾಟ ಶುರುವಾದದ್ದು ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ. ಅದರ ವರದಿ ಕಳಿಸಲಿಕ್ಕೆಂದೇ ದೇವದುರ್ಗದ ಅಂಬಿಕಾ ಎಂಬ ಹುಡುಗಿ ಕೆಲಸಕ್ಕೆ ಬಂದಿದ್ದಳು. ಕೂಲಿ ಮಾಡುವವರ ಮಗಳು, ಬಸ್ಸಿನಲ್ಲಿ ಓಡಾಡಿಯೇ ಓದಿ ಮುಗಿಸಿದವಳು. ಹುಸೇನಪ್ಪನನ್ನು ಕಾಕಾ ಅನ್ನುತ್ತಿದ್ದಳು.

ಒಂದು ಸಂಜೆ ಅವನು ಕೇಳಿದ್ದ, ದಿನಾ ಅದೇನು ಕಳಿಸುತ್ತೀ ಯವ್ವಾ ಎಂದು. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ನಾಳೆ ಎಷ್ಟು ಕರೆಂಟು ಕೊಡುತ್ತೇವೆ ಅನ್ನುವುದನ್ನು ಇವತ್ತೇ ಹೇಳಬೇಕು. ಭಟ್ಟಿ ನಿಲ್ಲುವುದಿದ್ದರೆ ಬಜಾರಿನವರಿಗೆಲ್ಲ ಒಂದೇ ಸಲಕ್ಕೆ ತಿಳಿಯಬೇಕು. ಕಾಲುವೆ ಬಂದ್ ಆಗುವ ಸುದ್ದಿ ಒಬ್ಬ ವ್ಯಾಪಾರಿಗೆ ಮೊದಲು ತಿಳಿದರೆ ಸಂಜೆಯೊಳಗೆ ಊರಿನ ಭತ್ತವೆಲ್ಲ ಅವನ ಗೋದಾಮಿಗೆ ಹೋಗುತ್ತದಲ್ಲ, ಹಾಗಾಗಬಾರದು ಅಂತ ಈ ಕಾನೂನು. ಹುಸೇನಪ್ಪನಿಗೆ ಅದು ನ್ಯಾಯದ ಮಾತು ಅನ್ನಿಸಿತ್ತು. ತನ್ನ ಅಮಾವಾಸ್ಯೆಗೂ ಅದಕ್ಕೂ ಸಂಬಂಧ ಇದೆಯೆಂದು ಮಾತ್ರ ಹೊಳೆಯಲಿಲ್ಲ.

ಎಳ್ಳಮಾವಾಸ್ಯೆಗೆ ಪೂರ್ತಿ ಕರೆಂಟು ಕೊಡುತ್ತೇವೆಂದು ಅಂಬಿಕಾ ಹಿಂದಿನ ದಿನವೇ ಹೇಳಿಬಿಟ್ಟಿದ್ದಳು. ಮಧ್ಯಾಹ್ನದೊಳಗೆ ಕರೆಂಟಿನ ಲೆಕ್ಕ ಇಡುವ ಮೇಲಿನ ಆಫೀಸಿನಿಂದ ಫೋನು ಬಂತು, ಕರೆಂಟು ಯಾಕೆ ಬರಲಿಲ್ಲ ಎಂದು.

ಮ್ಯಾನೇಜರ್ ಮುದುಕಪ್ಪ ಬೆಳೆಗೆ ಎಡೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೋದವನು ಅರ್ಧ ಊಟ ಬಿಟ್ಟು ಬಂದ. ಕೈಯಲ್ಲಿನ್ನೂ ಭಜ್ಜಿಯ ಘಮ. ಬಾಯ್ಲರಿನ ಪೈಪು ಸೋರಿತು ಅಂತ ಬರೆದುಬಿಡು ಎಂದ. ತಾನಾಗಿ ಕೆಟ್ಟರೆ ಕ್ಷಮೆ ಉಂಟು, ಗೊತ್ತಿದ್ದೂ ಹೇಳದೆ ನಿಲ್ಲಿಸಿದರೆ ದಂಡ. ಇದ್ದದ್ದು ಇದ್ದಂತೆ ಬರೆದರೆ ಭಟ್ಟಿ ಆರಿಸಿದವ ಮನೆಗೆ ಹೋಗಬೇಕಾಗುತ್ತದೆ, ನೋಡು ಎಂದೂ ಸೇರಿಸಿದ.

ಅಂಬಿಕಾ ಬರೆಯಲಿಲ್ಲ. ಎದ್ದು ಭಟ್ಟಿಯ ಹತ್ತಿರ ಬಂದಳು. ಆ ವರದಿಯ ಕೆಳಗೆ ಇರುವುದು ಅವಳ ಹೆಸರು. ಆದರೂ ಹುಸೇನಪ್ಪನನ್ನು ಕೇಳದೆ ಕಳಿಸಲಿಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಖರೇ ಬರೆದರೆ ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು ಕಾಕಾ, ಏನು ಮಾಡಲಿ ಅಂದಳು.

ಹುಸೇನಪ್ಪ ಬೂದಿಯ ಸಲಿಕೆಯನ್ನು ಗೋಡೆಗೆ ಒರಗಿಸಿದ. ಈ ವಯಸ್ಸಿನಲ್ಲಿ ಇನ್ನೊಂದು ಭಟ್ಟಿ ಯಾರು ಕೊಡುತ್ತಾರೆ? ಮನೆಯಲ್ಲಿ ಹೆಂಡತಿ ಗದ್ದೆಮ್ಮ, ಅವಳ ಮೊಣಕಾಲು ನೋವು. ಆದರೆ ಹುಡುಗಿ ತನ್ನನ್ನು ಕೇಳಲಿಕ್ಕೆ ಬಂದಿದ್ದಾಳೆ. ಇಷ್ಟು ವರ್ಷದಲ್ಲಿ ಆಫೀಸಿನಿಂದ ಹಾಗೆ ಕೇಳಲಿಕ್ಕೆ ಬಂದವರು ಯಾರೂ ಇಲ್ಲ.

"ಬರೀ ಯವ್ವಾ," ಎಂದ. "ಕಾಯಿ ಒಡದದ್ದು ಓಣಿಗೆಲ್ಲ ಕೇಳ್ಯದ. ಇನ್ನೇನು ಮುಚ್ಚಿಡೂದು?"

ಅವಳು ಹಾಗೆಯೇ ಬರೆದಳು. ಅಮಾವಾಸ್ಯೆ ಪೂಜೆಗೆ ಭಟ್ಟಿ ಆರಿಸಿದೆವು, ಮುಂಚೆ ತಿಳಿಸದೆ ಇದ್ದದ್ದು ನಮ್ಮ ತಪ್ಪು, ಇನ್ನು ಮುಂದೆ ಇಡೀ ವರ್ಷದ ಅಮಾವಾಸ್ಯೆಗಳನ್ನು ಮೊದಲೇ ತಿಳಿಸುತ್ತೇವೆ ಎಂದು.

ರಾಯಚೂರಿಗೆ ಹೋಗಿದ್ದ ಪಂಪಾಪತಿ ಸಾವ್ಕಾರರು ಸಂಜೆ ಬಂದರು. ಮುದುಕಪ್ಪ ಎಲ್ಲ ಒಪ್ಪಿಸಿದ. ಹುಸೇನಪ್ಪ ಬಾಗಿಲ ಹೊರಗೆ ಟವೆಲ್ಲು ಹಿಂಡುತ್ತ ನಿಂತಿದ್ದ. ಸಾವ್ಕಾರರು ಗೋಡೆಯ ಮೇಲಿನ ತಮ್ಮ ಅಪ್ಪನ ಫೋಟೋ ನೋಡಿದರು.

"ಪೂಜಿ ಶುರು ಹಚ್ಚಿದಾಂವ ನಮ್ಮಪ್ಪ," ಎಂದರು. "ದಂಡ ಹುಸೇನಪ್ಪ ಯಾಕ ಕಟ್ಟಬೇಕು?"

ಅಷ್ಟೇ ಮಾತು. ಮಿಲ್ಲಿನ ಲೆಕ್ಕದಲ್ಲೇ ದಂಡ ಕಟ್ಟಿ ಆಯಿತು. ಹುಸೇನಪ್ಪ ಮನೆಗೆ ಬಂದು ಗದ್ದೆಮ್ಮನ ಮುಂದೆ ಕೂತು ಕಣ್ಣು ಒರೆಸಿಕೊಂಡ. ಹೊಟ್ಟಿನ ಧೂಳು ಬಿದ್ದದೇನು ಅಂದಳು ಅವಳು, ಗೊತ್ತಿದ್ದೂ.

ಮುಂದಿನ ಅಮಾವಾಸ್ಯೆ ಬಂದಾಗ ಅಂಬಿಕಾ ಅವನನ್ನು ಕರೆದು ಕಂಪ್ಯೂಟರ್ ತೋರಿಸಿದಳು. ಇಂಥ ದಿನ, ಇಂಥ ಹೊತ್ತು, ಮಾನ್ವಿಯ ಈ ಭಟ್ಟಿ ನಿಂತಿರುತ್ತದೆ. ಬಜಾರಿನಲ್ಲಿ ಯಾರು ಬೇಕಾದರೂ ನೋಡಬಹುದು. ಹುಸೇನಪ್ಪನಿಗೆ ಓದಲಿಕ್ಕೆ ಬಾರದು, ಆದರೂ ಬಗ್ಗಿ ನೋಡಿದ. ಆ ದಿನ ಯಾರ ಅಂಜಿಕೆಯೂ ಇಲ್ಲದೆ ನಿಧಾನವಾಗಿ ವಿಭೂತಿ ಹಚ್ಚಿದ.

ಶಿವರಾತ್ರಿಯ ಮುಂದೆ ಒಂದು ಮಧ್ಯಾಹ್ನ ಬಾಯ್ಲರಿನ ಪೈಪು ಖರೇನೇ ಸೋರಿತು. ಬುಸ್ಸೆಂದು ಹಬೆ. ಸಾವ್ಕಾರರಿಗೆ ಮೊದಲು ಹೇಳೋಣ ಎಂದು ಮುದುಕಪ್ಪ ಅನ್ನುವಷ್ಟರಲ್ಲಿ ಅಂಬಿಕಾ ಎಲ್ಲರಿಗೂ ತಿಳಿಯುವಂತೆ ಕಂಪ್ಯೂಟರಿನಲ್ಲಿ ಹಾಕಿಬಿಟ್ಟಿದ್ದಳು. ಮೇಲಿನ ಆಫೀಸಿನವರು ಒಂದು ಮರುಪ್ರಶ್ನೆಯನ್ನೂ ಕೇಳಲಿಲ್ಲ. ಪೂಜೆಯನ್ನೇ ಮುಚ್ಚಿಡದವರು ಪೈಪಿನ ಸುಳ್ಳು ಹೇಳುತ್ತಾರೆಯೇ ಎಂದರಂತೆ. ದಂಡವೂ ಬೀಳಲಿಲ್ಲ.

ಮುದುಕಪ್ಪ ಆ ದಿನ ತಾನೇ ಚಹಾ ಹಿಡಿದು ಭಟ್ಟಿಗೆ ಬಂದ.

"ನಾ ಹೇಳಿದಂಗ ಅವತ್ತು ಆಕಿ ಸುಳ್ಳು ಬರದಿದ್ದರ, ಇವತ್ತು ಯಾರು ನಂಬತಿದ್ರೋ ಮಾರಾಯ," ಎಂದ. "ಕುಡಿ, ಸಕ್ಕರಿ ಜಾಸ್ತಿ ಹಾಕಿಸೀನಿ."

ಯುಗಾದಿ ಹತ್ತಿರ ಬಂದಾಗ ಅಂಬಿಕಾಗೆ ರಾಯಚೂರಿನಲ್ಲಿ ಹಲವು ಮಿಲ್ಲುಗಳ ವರದಿ ಒಟ್ಟಿಗೆ ಕಳಿಸುವ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನವನ್ನು ಮೊದಲೇ ಸಾವ್ಕಾರರಿಗೆ, ಮುದುಕಪ್ಪನಿಗೆ, ಹುಸೇನಪ್ಪನಿಗೆ ಒಂದೇ ಸಲಕ್ಕೆ ಹೇಳಿದಳು. ತಾನು ಹೋಗುವುದಕ್ಕೂ ವರದಿ ಕೊಡುತ್ತಾಳೆ ಇವಳು ಎಂದು ಮುದುಕಪ್ಪ ನಕ್ಕ.

ಗದ್ದೆಮ್ಮ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಹುಸೇನಪ್ಪ ವಿಭೂತಿಯ ಗಟ್ಟಿಯಲ್ಲಿ ಅರ್ಧ ಮುರಿದು ಅಂಬಿಕಾಳ ಕೈಗಿಟ್ಟ. ಅಮಾವಾಸ್ಯೆಗೆ ನೆನಪಿಸಬೇಕಾಗಿಲ್ಲ ಕಾಕಾ, ವರ್ಷದ್ದೆಲ್ಲ ಹಾಕಿಟ್ಟೀನಿ ಎಂದಳು. ಅವನು ತಲೆಯಾಡಿಸಿದ.

ಯುಗಾದಿ ಮುಗಿದ ಮೇಲಿನ ಸೋಮವಾರ, ಬೆಳಗಿನ ರಾಯಚೂರು ಬಸ್ಸಿಗೆ ಅಂಬಿಕಾ ಹೋದಳು.