ಮುನ್ನೂರು ಕಾಯಿಯ ಲೆಕ್ಕ

ಗಂಗಲಕ್ಷ್ಮಿಗೆ ಗಣಿತವೆಂದರೆ ಕಬ್ಬಿಣದ ಕಡಲೆ. ಎಸ್ಸೆಸ್ಸೆಲ್ಸಿಯ ಮಿಕ್ಕ ವಿಷಯಗಳೆಲ್ಲ ಪಾಸಾಗಿದ್ದವು, ಈ ಹಾಳು ಗಣಿತವೊಂದೇ ಎರಡು ಸಲ ಕೈಕೊಟ್ಟಿತ್ತು. ಮೂವತ್ತೆಂಟಕ್ಕೆ ಇವಳಿಗೇಕೆ ಪರೀಕ್ಷೆ ಎಂದು ಬಿಳಿಗೆರೆಯಲ್ಲಿ ನಕ್ಕವರಿಗೇನು ಗೊತ್ತು ಅವಳ ಬಲಭುಜದ ನೋವು! ವ್ಯಾಪಾರಿ ಪರಮೇಶನ ಹತ್ತಿರ ಇಪ್ಪತ್ತು ವರ್ಷ ತೆಂಗಿನಕಾಯಿ ಸುಲಿದು, ಎಣಿಸಿ, ಆ ಕೈ ಈಗ ತಲೆ ಬಾಚಲೂ ಮೇಲೇಳುತ್ತಿರಲಿಲ್ಲ. ಎಣಿಕೆಯೇನು ಸಾಮಾನ್ಯವೇ? ಪ್ರತಿ ನೂರಕ್ಕೆ ನಾಲ್ಕು ಕಾಯಿ ಹೆಚ್ಚಿಗೆ ಕೊಸರು ಹಾಕಬೇಕು. ಮರೆತರೆ ಪರಮೇಶ ಊರಿಗೇ ಕೇಳುವಂತೆ ಕೂಗುತ್ತಿದ್ದ.

ಊರಿನ ಹಾಲಿನ ಡೈರಿಯಲ್ಲಿ ಕೂತು ಬರೆಯುವ ಕೆಲಸ ಖಾಲಿಯಿತ್ತು. ಈ ಸಲ ಪಾಸಾದರೆ ಅದು ಅವಳದು. ಇಲ್ಲದಿದ್ದರೆ ಮತ್ತೆ ಅದೇ ಕಾಯಿರಾಶಿ, ಅದೇ ಭುಜ.

ಒಂಬತ್ತನೇ ಕ್ಲಾಸಿನ ಮಗಳು ಲಿಖಿತಾಳೇ ಮೇಷ್ಟ್ರು. ತಿಂಗಳಿಡೀ ಪೆನ್ಸಿಲ್ಲಿನ ಲೆಕ್ಕ, ಅಪ್ಪ-ಮಗನ ವಯಸ್ಸಿನ ಲೆಕ್ಕ, ತ್ರಿಭುಜದ ಕೋನ.

"ಗೊತ್ತಿಲ್ದೇ ಇರೋದನ್ನ ಎಕ್ಸ್ ಅನ್ಕೊ. ಒಂದೊಂದೇ ಹೆಜ್ಜೆ ಬರಿ. ಕೊನೆಗೆ ತಾಳೆ ನೋಡು. ಅಷ್ಟೇ ಕಣಮ್ಮ."

ತಿಪಟೂರಿನ ಪರೀಕ್ಷಾ ಕೋಣೆಯಲ್ಲಿ ಕೂತಾಗ ಪ್ರಮೇಯ ಒಂದೂ ನೆನಪಿಗೆ ಬರಲಿಲ್ಲ. ಬರೆದದ್ದನ್ನೆಲ್ಲ ಕೂಡಿ ನೋಡಿದರೆ ಪಾಸಿಗೆ ಇನ್ನೂ ಮೂರು ಅಂಕ ಬೇಕು. ಹತ್ತೇ ನಿಮಿಷ ಉಳಿದಿತ್ತು. ಅಳು ನುಂಗಿಕೊಂಡು ಕೊನೆಯ ಪ್ರಶ್ನೆ ಓದಿದಳು. ಮುನ್ನೂರು ತೆಂಗಿನಕಾಯಿಗಳನ್ನು ಎರಡು ರಾಶಿ ಮಾಡಿದೆ, ದೊಡ್ಡ ರಾಶಿ ಚಿಕ್ಕದರ ಎರಡರಷ್ಟು, ಯಾವುದರಲ್ಲಿ ಎಷ್ಟು? ಮೂರು ಅಂಕ.

ಅಯ್ಯೋ ಶಿವನೇ, ತೆಂಗಿನಕಾಯಿ! ದೇವರು ಕಣ್ಣುಬಿಟ್ಟ ಅಂದುಕೊಂಡಳು. ಚಿಕ್ಕ ರಾಶಿ ಎಕ್ಸ್. ದೊಡ್ಡದು ಎರಡು ಎಕ್ಸ್. ಒಟ್ಟು ಮೂರು ಎಕ್ಸ್. ಮೂರರಿಂದ ಭಾಗಿಸಿದಳು, ಶೇಷವೇ ಉಳಿಯಲಿಲ್ಲ. ತಾಳೆ ನೋಡಿದಳು, ಸರಿಹೋಯಿತು. ಉತ್ತರಕ್ಕೆ ಎರಡು ಗೆರೆ ಎಳೆದು ಉತ್ತರಪತ್ರಿಕೆ ಕೊಟ್ಟು ಬಂದಳು.

ಗೇಟಿನಲ್ಲಿ ಕಾಯುತ್ತಿದ್ದ ಲಿಖಿತಾ ಅಮ್ಮನ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡಳು. "ಕೊನೇ ಲೆಕ್ಕ ಮಾಡಿದ್ಯೇನಮ್ಮ?"

"ಮಾಡ್ದೆ ಕಣೇ! ಚಿಕ್ಕ ರಾಶಿ ನೂರಾ ನಾಲ್ಕು, ದೊಡ್ಡದು ಇನ್ನೂರಾ ಎಂಟು. ಕೂಡುದ್ರೆ ಸರಿಯಾಗಿ ಮುನ್ನೂರಾ ಹನ್ನೆರಡು!"

ಲಿಖಿತಾ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿದಳು.

"ಇಲ್ಲಿ ಮುನ್ನೂರು ಅಂತ ಐತೆ. ಹನ್ನೆರಡು ಎಲ್ಲಿಂದ ಬಂತಮ್ಮ?"

"ಮುನ್ನೂರಕ್ಕೆ ಕೊಸರು ಹನ್ನೆರಡು..." ಮಗಳ ಮುಖ ನೋಡಿದಳು.

ಗಂಗಲಕ್ಷ್ಮಿ ಎಡಗೈಯಲ್ಲಿ ಗೇಟು ಹಿಡಿದುಕೊಂಡಳು.

"ಕೊಸರು ಹಾಕಿದ್ದಕ್ಕೆ ಯಾರಾದ್ರೂ ಫೇಲ್ ಮಾಡ್ತಾರೇನೇ?" ಎಂದಳು.